ಮಾರಿಗೌತಣಕ್ಕೆ ಮೂರು ಅಂಕ

ಫೆಬ್ರವರಿಯ ಒಂದು ಭಾನುವಾರ ಶಿವಮೊಗ್ಗದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ಅವಳ ಮಗಳಿಗೆ ಕನ್ನಡದ ಅಲಂಕಾರ, ಛಂದಸ್ಸು ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿಕೊಡುವುದಕ್ಕೆ ಏನೂ ಉಳಿದಿರಲಿಲ್ಲ; ಹುಡುಗಿಗೆ ಎಲ್ಲವೂ ಬರುತ್ತಿತ್ತು. ಕುಮಾರವ್ಯಾಸನ ಭಾರತದಲ್ಲಿ ಕರ್ಣ ಆಡುವ ‘ಮಾರಿಗೌತಣವಾಯ್ತು ನಾಳಿನ ಭಾರತವು’ ಎಂಬ ಸಾಲನ್ನು ನಾನು ಹೇಳಿ ಮುಗಿಸುವುದರೊಳಗೆ ಅವಳ ಪೆನ್ನು ಓಡತೊಡಗಿತು. ಅಲಂಕಾರ: ರೂಪಕ. ಲಕ್ಷಣ: ಉಪಮೇಯ ಉಪಮಾನಗಳೆರಡೂ ಒಂದೇ ಎಂದು ಭೇದವಿಲ್ಲದೆ ವರ್ಣಿಸುವುದು. ಉಪಮೇಯ: ನಾಳಿನ ಭಾರತ ಯುದ್ಧ. ಉಪಮಾನ: ಮಾರಿಯ ಔತಣ. ಸಮನ್ವಯ: ಇಲ್ಲಿ ಉಪಮೇಯವಾದ ಭಾರತ ಯುದ್ಧವನ್ನು ಉಪಮಾನವಾದ ಮಾರಿಯ ಔತಣಕ್ಕೆ ಅಭೇದವಾಗಿ ಹೋಲಿಸಿರುವುದರಿಂದ ಇದು ರೂಪಕಾಲಂಕಾರ. ಕೊನೆಗೊಂದು ಗೆರೆ ಎಳೆದು ನನ್ನ ಕಡೆ ನೋಡಿದಳು. ಮೂರಂಕದ ಪ್ರಶ್ನೆ, ಮೂರೂ ಅಂಕ ಕೊಡದೆ ವಿಧಿಯಿರಲಿಲ್ಲ.

ಸುಮ್ಮನಿರಲಾರದೆ ಕೇಳಿದೆ: “ಸರಿ, ಇಲ್ಲಿ ಕರ್ಣ ಏನು ಹೇಳ್ತಿದ್ದಾನೆ?”

“ಅದು ಭಾವಾರ್ಥದ ಪ್ರಶ್ನೇಲಿ ಬರುತ್ತೆ ಮಾಮ. ಇಲ್ಲಿ ಬೇಡ.”

ಉತ್ತರದಲ್ಲಿ ಉದ್ಧಟತನ ಎಳ್ಳಷ್ಟೂ ಇರಲಿಲ್ಲ. ಅವಳ ಪಾಲಿಗೆ ಅಲಂಕಾರ ಒಂದು ಕೋಣೆ, ಅರ್ಥ ಇನ್ನೊಂದು ಕೋಣೆ, ನಡುವೆ ಗೋಡೆ. ಆ ಗೋಡೆ ಅವಳು ಕಟ್ಟಿದ್ದಲ್ಲ. ನನಗೂ ಮೂವತ್ತೈದು ವರ್ಷಗಳ ಹಿಂದೆ ಹಾಗೆಯೇ ಕಲಿಸಿದ್ದರು. ನಾನೂ ಹಾಗೆಯೇ ಕಲಿತು ಅಂಕ ತೆಗೆದಿದ್ದೆ. ಅಷ್ಟರಲ್ಲಿ ಅವಳೇ ಪುಸ್ತಕ ಮುಚ್ಚುತ್ತ ಒಂದು ಮಾತು ಕೇಳಿದಳು: “ಮಾಮ, ‘ಅಂತೆ’ ಇದ್ರೆ ಉಪಮೆ, ಇಲ್ದಿದ್ರೆ ರೂಪಕ, ಅಷ್ಟೇ ತಾನೆ? ಹಾಗಾದ್ರೆ ಕವಿ ಒಂದ್ಸಲ ಯಾಕೆ ‘ಅಂತೆ’ ಹಾಕ್ತಾನೆ, ಒಂದ್ಸಲ ಯಾಕೆ ಬಿಡ್ತಾನೆ?”

ಛಂದಸ್ಸಿಗೆ ಹೊಂದಿಸಲು ಬಿಡುತ್ತಾನೆ ಎಂದು ಏನೋ ಹೇಳಿ ತಪ್ಪಿಸಿಕೊಂಡೆ. ಹೇಳಿದ ಮರುಕ್ಷಣವೇ ಅದು ಸರಿಯಲ್ಲವೆಂದು ಗೊತ್ತಾಗಿತ್ತು. ಬಸ್ಸಿನಲ್ಲಿ ಊರಿಗೆ ಮರಳುವಾಗಲೂ, ಆಮೇಲೆ ಹಲವು ದಿನಗಳವರೆಗೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಈ ಬರಹ ಅವಳಿಗೆ ಅಂದು ಕೊಡಬೇಕಾಗಿದ್ದ ಉತ್ತರ.

ಒಂದು ‘ಅಂತೆ’ಯ ಅಂತರ

ಉಪಮೆಗೂ ರೂಪಕಕ್ಕೂ ಇರುವ ವ್ಯತ್ಯಾಸ ಅರಿಯಲು ಕಾವ್ಯದವರೆಗೆ ಹೋಗಬೇಕಾಗಿಲ್ಲ, ಅಡುಗೆಮನೆಯಿಂದ ಕೇಳಿಬರುವ ಬೈಗುಳ ಸಾಕು. “ಕತ್ತೆ ಥರ ಆಡಬೇಡ” ಎಂದು ತಾಯಿ ಗದರಿದರೆ ಮಗ ನಕ್ಕು ಸುಮ್ಮನಾಗುತ್ತಾನೆ. ಏಕೆಂದರೆ ಆ ಮಾತಿನಲ್ಲಿ ಅವನು ಕತ್ತೆಯಲ್ಲ ಎಂಬ ಒಪ್ಪಿಗೆಯೂ ಇದೆ, ಆಟವನ್ನು ನಿಲ್ಲಿಸಿದರೆ ಮತ್ತೆ ಮನುಷ್ಯನಾಗುವ ದಾರಿಯೂ ಇದೆ. “ಕತ್ತೆ!” ಎಂದಷ್ಟೇ ಅಂದರೆ ಆ ದಾರಿ ಮುಚ್ಚಿತು. ಎರಡರಲ್ಲಿಯೂ ಉಪಮೇಯ ಅದೇ ಮಗ, ಉಪಮಾನ ಅದೇ ಕತ್ತೆ. ಬದಲಾದದ್ದು ಹೇಳುವವಳ ಸಿಟ್ಟಿನ ಪ್ರಮಾಣ. ಪರೀಕ್ಷೆಯ ಉತ್ತರದಲ್ಲಿ ಉಪಮೇಯವನ್ನೂ ಉಪಮಾನವನ್ನೂ ಬರೆಯುತ್ತೇವೆ, ಆ ಪ್ರಮಾಣವನ್ನು ಬರೆಯಲು ಜಾಗವೇ ಇರುವುದಿಲ್ಲ.

‘ಅಂತೆ’ ಎಂಬ ಈ ವಾಚಕಪದವನ್ನು ನಾವು ಇನ್ನೊಂದು ಕೆಲಸಕ್ಕೂ ದಿನವಿಡೀ ಬಳಸುತ್ತೇವೆ. “ಅವರ ಮಗಳಿಗೆ ಕೆಲಸ ಸಿಕ್ಕಿತಂತೆ”, “ನಾಳೆ ಬಸ್ಸಿಲ್ಲವಂತೆ” ಎನ್ನುವಾಗ ಬರುವ ‘ಅಂತೆ’ ಹೋಲಿಕೆಯದ್ದಲ್ಲ, ಕೇಳಿದ ಸುದ್ದಿಯದ್ದು. ಎರಡೂ ಒಂದೇ ಬೇರಿನಿಂದ ಬಂದವು ಎಂದು ವಾದಿಸುವ ಉದ್ದೇಶ ನನಗಿಲ್ಲ. ವೈಯಾಕರಣರು ಬೇರೆ ಬೇರೆ ಎಂದೇ ಹೇಳಿಯಾರು. ಆದರೆ ಕನ್ನಡದ ಕಿವಿಗೆ ಎರಡೂ ಒಂದೇ ದನಿಯಲ್ಲಿ ಕೇಳಿಸುತ್ತವೆ, ಎರಡರಲ್ಲಿಯೂ ಹೇಳುವವನು ಮಾತಿನಿಂದ ಅರ್ಧ ಹೆಜ್ಜೆ ಹಿಂದೆ ನಿಂತಿರುತ್ತಾನೆ. ಸುದ್ದಿ ಸುಳ್ಳಾದರೆ ಅದು ನನ್ನದಲ್ಲ ಎನ್ನಬಹುದು. ಹೋಲಿಕೆ ಹೊಂದದಿದ್ದರೆ ಹಾಗೆಯೇ ಇದೆ ಎಂದೇನೂ ನಾನು ಹೇಳಿರಲಿಲ್ಲ ಎನ್ನಬಹುದು.

ಆ ಅರ್ಧ ಹೆಜ್ಜೆ ಹಿಂದೆ ನಿಲ್ಲುವುದು ದೌರ್ಬಲ್ಯವೇ? ನಾನು ಬಹಳ ಕಾಲ ಹಾಗೆ ನಂಬಿದ್ದೆ. ಉಪಮೆ ಸಣ್ಣದು, ರೂಪಕ ದೊಡ್ಡದು. ಕವಿ ಬೆಳೆದಂತೆ ಉಪಮೆಯಿಂದ ರೂಪಕಕ್ಕೆ ಏರುತ್ತಾನೆ ಎಂದು ಯಾರೋ ಹೇಳಿದ್ದು ತಲೆಯಲ್ಲಿ ಕುಳಿತಿತ್ತು. ಅದನ್ನು ಬಿಡಿಸಿದ್ದು ಎಲ್ಲರಿಗೂ ಬಾಯಿಪಾಠವಾಗಿರುವ, ಹಾಗಾಗಿಯೇ ಯಾರೂ ನಿಂತು ನೋಡದ ಬಸವಣ್ಣನವರ ವಚನ. ‘ನುಡಿದರೆ ಮುತ್ತಿನ ಹಾರದಂತಿರಬೇಕು, ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು, ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು.’ ಮೂರು ಸಾಲು, ಮೂರು ‘ಅಂತೆ’, ಮೂರು ‘ಇರಬೇಕು’. ನುಡಿ ಇನ್ನೂ ಮುತ್ತಾಗಿಲ್ಲ ಎಂಬುದು ಆ ‘ಬೇಕು’ವಿನಲ್ಲಿಯೇ ಇದೆ. ಇಲ್ಲಿ ‘ನುಡಿಯೇ ಮುತ್ತು’ ಎಂದು ರೂಪಕ ಮಾಡಿದ್ದರೆ ಅದು ಆತ್ಮಸ್ತುತಿಯಾಗುತ್ತಿತ್ತು. ಇರುವುದಕ್ಕೂ ಇರಬೇಕಾದುದಕ್ಕೂ ನಡುವಿನ ದೂರವನ್ನು ತೋರಿಸುವುದೇ ವಚನದ ಕೆಲಸವಾದ್ದರಿಂದ ಅಲ್ಲಿ ‘ಅಂತೆ’ಯೇ ಸರಿಯಾದ ಪದ. ನಾಲ್ಕನೆಯ ಸಾಲನ್ನು ಗಮನಿಸಿ: ‘ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು’. ಅಲ್ಲಿಗೆ ಬರುವಾಗ ಹೋಲಿಕೆ ಉದುರಿಹೋಗಿದೆ. ಮುತ್ತು, ಮಾಣಿಕ್ಯ, ಸ್ಫಟಿಕಗಳೆಲ್ಲ ಮುಗಿದು ‘ಅಹುದಹುದು’ ಎಂಬ ಮನೆಮಾತೊಂದೇ ಉಳಿದಿದೆ. ಮುಂದಿನ ಸಾಲು ನುಡಿಯಂತೆ ನಡೆಯದಿರುವವರನ್ನು ಕುರಿತದ್ದು. ಅಲ್ಲಿ ಒಡವೆಗೆ ಎಡೆಯೇ ಇಲ್ಲ.

ಇದೇ ಬಸವಣ್ಣನವರು ಇನ್ನೊಂದು ಕಡೆ ‘ಅಂತೆ’ಯನ್ನು ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ. ‘ಉಳ್ಳವರು ಶಿವಾಲಯವ ಮಾಡುವರು’ ಎಂದು ಆರಂಭವಾಗುವ ವಚನದಲ್ಲಿ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ’ ಎನ್ನುತ್ತಾರೆ. ಅಲ್ಲಿ ‘ನನ್ನ ಕಾಲು ಕಂಬದಂತೆ, ದೇಹ ದೇಗುಲದಂತೆ’ ಎಂದು ಓದಿ ನೋಡಿ. ವ್ಯಾಕರಣ ಕೆಡಲಿಲ್ಲ, ಚಿತ್ರ ಕೆಡಲಿಲ್ಲ, ಆದರೆ ವಚನ ಸತ್ತುಹೋಯಿತು. ಏಕೆಂದರೆ ದೇಹ ದೇಗುಲದಂತಿದೆ ಎಂದೊಡನೆ ನಿಜವಾದ ದೇಗುಲ ಎಲ್ಲೋ ಬೇರೆ ಇದೆ, ಅದನ್ನು ಉಳ್ಳವರು ಕಟ್ಟಿದ್ದಾರೆ, ಬಡವನ ದೇಹ ಅದರ ನಕಲು ಎಂದಾಗುತ್ತದೆ. ಕಟ್ಟಡದ ದೇಗುಲವನ್ನು ಪಕ್ಕಕ್ಕೆ ಸರಿಸಿ ಆ ಜಾಗದಲ್ಲಿ ದೇಹವನ್ನು ನಿಲ್ಲಿಸಬೇಕಾದರೆ ‘ಏ’ ಎಂದು ಒತ್ತಿ ಹೇಳುವ ಒಂದಕ್ಷರದ ಅವಧಾರಣೆ ಬೇಕು: ಕಾಲೇ, ದೇಹವೇ, ಶಿರವೇ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಎಂದು ವಚನ ಮುಂದೆ ಹೇಳುವ ಮಾತು ಈ ‘ಏ’ಕಾರದೊಳಗೆ ಆಗಲೇ ಅಡಗಿದೆ. ಇಲ್ಲಿ ರೂಪಕ ಮಾತಿನ ಮೇಲೆ ತೊಡಿಸಿದ ಒಡವೆಯಲ್ಲ, ವಾದವೇ ರೂಪಕದ ರೂಪದಲ್ಲಿದೆ. ಅದನ್ನು ತೆಗೆದರೆ ಕೆಳಗೆ ಏನೂ ಉಳಿಯುವುದಿಲ್ಲ.

ನಮ್ಮ ಪಠ್ಯದ ಮೂರನೆಯ ಅಲಂಕಾರ ಉತ್ಪ್ರೇಕ್ಷೆ. ಅದಕ್ಕೆ ವ್ಯಾಕರಣ ಪುಸ್ತಕಗಳಲ್ಲೆಲ್ಲ ಅದೇ ಸರೋವರ: ಅಚ್ಛೋದ ಸರೋವರವು ತ್ರೈಲೋಕ್ಯಲಕ್ಷ್ಮಿಯು ತನ್ನ ಸೌಂದರ್ಯವನ್ನು ನೋಡಿಕೊಳ್ಳಲು ನಿರ್ಮಿಸಿದ ರನ್ನಗನ್ನಡಿಯೋ ಎಂಬಂತೆ ಕಂಗೊಳಿಸಿತು. ವಿದ್ಯಾರ್ಥಿಗಳು ಈ ವಾಕ್ಯದ ಉದ್ದಕ್ಕೆ ಹೆದರುತ್ತಾರೆ, ಆದರೆ ಗುಟ್ಟೆಲ್ಲ ‘ಕನ್ನಡಿಯೋ’ ಎಂಬಲ್ಲಿನ ‘ಓ’ಕಾರದಲ್ಲಿದೆ. ಕನ್ನಡಿಯಂತಿದೆ ಎಂಬ ಎಚ್ಚರವೂ ಅಲ್ಲ, ಕನ್ನಡಿಯೇ ಎಂಬ ನಿಶ್ಚಯವೂ ಅಲ್ಲ; ಕನ್ನಡಿಯೋ ಏನೋ ಎಂದು ಮನಸ್ಸು ಒಂದು ಗಳಿಗೆ ತೂಗಾಡುತ್ತದೆ. ಅಂತೆ, ಓ, ಏ. ಕನ್ನಡದ ಈ ಮೂರು ಸಣ್ಣ ತುಣುಕುಗಳು ಹೇಳುವವನ ನಂಬಿಕೆಯ ಮೂರು ಮಟ್ಟಗಳು. ಎಲ್ಲ ರೂಪಕಗಳಲ್ಲಿಯೂ ‘ಏ’ಕಾರ ಇರುವುದಿಲ್ಲ ಎಂಬುದು ನನಗೆ ಗೊತ್ತು, ‘ಮಾರಿಗೌತಣ’ದಲ್ಲಿಯೇ ಇಲ್ಲ. ಆದರೂ ಹೈಸ್ಕೂಲಿನ ಹುಡುಗರಿಗೆ ಇಲ್ಲಿಂದ ಆರಂಭಿಸಿದರೆ ಅಲಂಕಾರ ಅವರ ಬಾಯಿಯಲ್ಲಿಯೇ ಇರುವ ವಸ್ತುವೆಂದು ತಿಳಿದೀತು. ಒಂದು ಮಾತಿಗೆ ಇನ್ನೊಂದು ಮಾತು ಕನ್ನಡಿ ಹಿಡಿಯುವ ದೃಷ್ಟಾಂತಕ್ಕಂತೂ ಗಾದೆಗಳೇ ಇವೆ. ‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ’ ಎನ್ನುವ ಅಜ್ಜನಿಗೆ ಬಿಂಬ ಪ್ರತಿಬಿಂಬ ಭಾವವೆಂಬ ಹೆಸರು ತಿಳಿದಿರಬೇಕಾಗಿಲ್ಲ.

ಹೆಸರುಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಲಕ್ಷಣ ಬಾಯಿಪಾಠ ಮಾಡಿಸುವುದನ್ನು ಹಳಿಯುವುದು ಈಗ ಒಂದು ಫ್ಯಾಷನ್ ಆಗಿದೆ, ಆ ಗುಂಪಿಗೆ ಸೇರಲು ನನಗೆ ಮನಸ್ಸಿಲ್ಲ. ಹೆಸರು ಗೊತ್ತಿಲ್ಲದ ಹಕ್ಕಿ ಕಣ್ಣೆದುರಿಗೆ ಕೂತರೂ ಕಾಣುವುದಿಲ್ಲ. ಆದರೆ ಲಕ್ಷಣವನ್ನು ಬರೆದ ಹಳಬರು ನಮ್ಮ ಗೈಡುಗಳಿಗಿಂತ ಸೂಕ್ಷ್ಮವಾಗಿ ಬರೆದಿದ್ದರು. ಕನ್ನಡದಲ್ಲಿ ಉಳಿದು ಬಂದಿರುವ ಮೊದಲ ಗ್ರಂಥವೇ, 9ನೆಯ ಶತಮಾನದ ಕವಿರಾಜಮಾರ್ಗ, ಅಲಂಕಾರಶಾಸ್ತ್ರದ ಪುಸ್ತಕ. ಅದರ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಗಳಿಗೇ ಮೀಸಲು. ಅದು ಬಹಳಮಟ್ಟಿಗೆ ಅನುಸರಿಸಿದ, ದಂಡಿಯ ಸಂಸ್ಕೃತ ಗ್ರಂಥ ಕಾವ್ಯಾದರ್ಶವು ರೂಪಕವನ್ನು ‘ಉಪಮೈವ ತಿರೋಭೂತಭೇದಾ’ ಎಂದು ವಿವರಿಸುತ್ತದೆ: ಭೇದ ಮರೆಯಾಗಿರುವ ಉಪಮೆಯೇ ರೂಪಕ. ಭೇದ ಇಲ್ಲವಾಗಿದೆ ಎಂದಲ್ಲ, ಮರೆಯಾಗಿದೆ ಎಂದು. ತೆರೆಯ ಹಿಂದೆ ಅದು ಇದ್ದೇ ಇದೆ. ದೇಹ ದೇಗುಲವಲ್ಲ ಎಂಬುದು ಕೇಳುವವನಿಗೂ ಹೇಳುವವನಿಗೂ ಗೊತ್ತಿದೆ, ಗೊತ್ತಿದ್ದೂ ‘ದೇಗುಲವೇ’ ಎಂದಾಗಲೇ ಮಾತಿಗೆ ಬಿಸಿ. ಗೈಡಿನಲ್ಲಿ ಈ ‘ತಿರೋಭೂತ’ ಎಂಬುದು ‘ಎರಡೂ ಒಂದೇ’ ಎಂದು ಚಪ್ಪಟೆಯಾಗಿದೆ.

ನಾಳೆ ಆಗಿಹೋದದ್ದು

ಈಗ ಮಾರಿಯ ಔತಣಕ್ಕೆ ಬರೋಣ. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದು ಕವಿಪರಿಚಯದಲ್ಲಿ ಬರೆಯದ ವಿದ್ಯಾರ್ಥಿ ಇಲ್ಲ. ಆ ಸಾಮ್ರಾಜ್ಯದ ಒಂದೇ ಒಂದು ಪದ್ಯವನ್ನು ಪೂರ್ತಿ ನೋಡೋಣ.

ಮಾರಿಗೌತಣವಾಯ್ತು ನಾಳಿನ
ಭಾರತವು ಚತುರಂಗಬಲದಲಿ
ಕೌರವನ ಋಣ ಹಿಂಗೆ ರಣದಲಿ ಸುಭಟಕೋಟಿಯನು
ತೀರಿಸಿಯೆ ಪತಿಯವಸರಕ್ಕೆ ಶ-
ರೀರವನು ನೂಕುವೆನು ನಿನ್ನಯ
ವೀರರೈವರ ನೋಯಿಸೆನು ರಾಜೀವಸಖನಾಣೆ

ಹುಡುಗಿಗೆ ಮಾರಿಯೆಂದರೆ ಜಾತ್ರೆ. ಜಾತ್ರೆಯೆಂದರೆ ತೊಟ್ಟಿಲು, ಬೆಂಡು ಬತ್ತಾಸು, ಬಳೆ ಅಂಗಡಿ. ಸಿರಸಿಯ ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವಾಗ ಅಲ್ಲಿಗೆ ಹೋಗಿ ಗೋಬಿ ಮಂಚೂರಿ ತಿಂದು ಬಂದವಳು ಅವಳು. ನನ್ನ ಬಾಲ್ಯದಲ್ಲಿ ಮಾರಿಯ ಹೆಸರನ್ನು ರಾತ್ರಿ ಹೊತ್ತು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ‘ನಿನಗೆ ಮಾರಿ ಬಡಿಯ’ ಎಂಬುದು ಸಣ್ಣ ಬೈಗುಳವಾಗಿರಲಿಲ್ಲ. ಮಾರಿ ಊರಿಗೆ ಬಂದರೆ ಒಂದು ಜೀವದಿಂದ ತೃಪ್ತಳಾಗುವವಳಲ್ಲ ಎಂಬ ಭಯ ಆ ಹೆಸರಿನಲ್ಲಿತ್ತು. ಇದರ ಪಕ್ಕಕ್ಕೆ ಕವಿ ತಂದಿರಿಸಿದ ಪದ ‘ಔತಣ’. ಎಷ್ಟು ಮರ್ಯಾದೆಯ ಪದ! ಔತಣಕ್ಕೆ ಕರೆಯುವವರಿರುತ್ತಾರೆ, ಎಲೆ ಹಾಕುವವರಿರುತ್ತಾರೆ, ಒತ್ತಾಯ ಮಾಡಿ ಬಡಿಸುವವರಿರುತ್ತಾರೆ. ಹಾಗಾದರೆ ಈ ಔತಣದಲ್ಲಿ ಬಡಿಸುವವರು ಯಾರು, ಎಲೆಯ ಮೇಲಿರುವವರು ಯಾರು? ಸುಭಟಕೋಟಿಯನ್ನು ತೀರಿಸುವೆನು ಎನ್ನುವಾಗ ಕರ್ಣ ಬಡಿಸುವವನು. ಒಡೆಯನ ಅವಸರಕ್ಕೆ ಶರೀರವನ್ನು ನೂಕುವೆನು ಎನ್ನುವಾಗ ಅವನೇ ಎಲೆಗೆ ಬಿದ್ದಿದ್ದಾನೆ. ಮೊದಲ ಸಾಲಿನ ರೂಪಕ ಅಲ್ಲಿಗೇ ಮುಗಿಯದೆ ಐದನೆಯ ಸಾಲಿನವರೆಗೆ ಒಳಗೊಳಗೆ ಹರಿದಿದೆ. ಸಮನ್ವಯ ಬರೆಯುವವರು ಮೊದಲ ಸಾಲನ್ನು ಕತ್ತರಿಸಿ ಕೊಟ್ಟಾಗ ಈ ಹರಿವು ಕಾಣುವುದಿಲ್ಲ.

ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂದದ್ದು ತೀರಾ ಈಚೆಗೆ. ‘ನಾಳಿನ ಭಾರತ’ ಎನ್ನುತ್ತಾನೆ ಕರ್ಣ, ಕ್ರಿಯಾಪದ ಮಾತ್ರ ‘ಆಯ್ತು’. ಆಗುವುದು ಎಂದಲ್ಲ, ಆದೀತು ಎಂದಲ್ಲ. ನಾಳೆಯದು ಇಂದೇ ಆಗಿಹೋಗಿದೆ. ಕೃಷ್ಣ ಅವನನ್ನು ರಥದಲ್ಲಿ ಕೂರಿಸಿಕೊಂಡು ನೀನು ಕುಂತಿಯ ಮಗ, ಪಾಂಡವರು ನಿನ್ನ ತಮ್ಮಂದಿರು ಎಂದು ಹೇಳಿದ ಮೇಲಿನ ಮಾತಿದು. ಯುದ್ಧ ಇನ್ನೂ ಘೋಷಣೆಯಾಗಿಲ್ಲ, ಆದರೆ ಕರ್ಣನೊಳಗೆ ಅದು ನಡೆದು, ಮುಗಿದು, ಎಲೆ ಎತ್ತಿಯೂ ಆಗಿದೆ. ‘ಮಾರಿಗೌತಣದಂತೆ ಆದೀತು ನಾಳಿನ ಭಾರತ’ ಎಂದಿದ್ದರೆ ಅದು ಒಬ್ಬ ವಿವೇಕಿಯ ಎಚ್ಚರಿಕೆಯಾಗುತ್ತಿತ್ತು. ಧೃತರಾಷ್ಟ್ರನ ಸಭೆಯಲ್ಲಿ ವಿದುರ ಹಾಗೆ ಹೇಳಬಹುದಿತ್ತು. ಕರ್ಣನಿಗೆ ಎಚ್ಚರಿಸುವ ಆಸೆ ಉಳಿದಿಲ್ಲ. ಹುಡುಗಿ ಕೇಳಿದ ‘ಕವಿ ಯಾಕೆ ಅಂತೆ ಬಿಡ್ತಾನೆ’ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ಅದನ್ನು ಬಿಟ್ಟದ್ದು ಕವಿಯಲ್ಲ, ಕರ್ಣ. ಹಿಂದಕ್ಕೆ ಬರುವ ಆ ಅರ್ಧ ಹೆಜ್ಜೆ ಅವನಿಗೆ ಬೇಡವಾಗಿದೆ.

ಇದೇ ಪಾಠದಲ್ಲಿ ಸ್ವಲ್ಪ ಮೊದಲು ಕರ್ಣನ ಮನಸ್ಸಿನೊಳಗಿನ ಮಾತೊಂದಿದೆ: ‘ಹರಿಯ ಹಗೆ ಹೊಗೆದೋರದುರುಹದೆ ಬರಿದೆ ಹೋಹುದೆ’. ಹೊಗೆ ತೋರದೆ, ಉರುಹದೆ ಈ ಹಗೆ ಬರಿದೆ ಹೋದೀತೇ ಎಂದು. ಹಗೆ ಇಲ್ಲಿ ಬೆಂಕಿ. ಆದರೆ ‘ಬೆಂಕಿ’ ಎಂಬ ಪದ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಹೊಗೆ ಇದೆ, ಉರಿ ಇದೆ, ಉಪಮಾನ ಮಾತ್ರ ಅವುಗಳ ನಡುವೆ ಅವಿತುಕೊಂಡಿದೆ. ‘ಹಗೆ’ ಎಂದ ಬಾಯಿ ಒಂದು ಸ್ವರ ಬದಲಿಸಿದರೆ ‘ಹೊಗೆ’. ಶಬ್ದಾಲಂಕಾರಕ್ಕೂ ಅರ್ಥಾಲಂಕಾರಕ್ಕೂ ಎರಡು ಅಧ್ಯಾಯ ಮಾಡಿ ಕಲಿಸುವ ನಮಗೆ, ಎರಡೂ ಒಂದೇ ಉಸಿರಿನಲ್ಲಿ ಬಂದಿರುವ ಇಂಥ ಸಾಲನ್ನು ಯಾವ ಅಧ್ಯಾಯಕ್ಕೆ ಸೇರಿಸುವುದೆಂದೇ ತೋಚುವುದಿಲ್ಲ.

ಅಡಿಕೆ ಸುಲಿಯುವ ರಾತ್ರಿ

ಛಂದಸ್ಸಿನ ಕಥೆ ಇದಕ್ಕಿಂತ ಕಷ್ಟದ್ದು. ಸಾಲಿನ ನೆತ್ತಿಯ ಮೇಲೆ ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರುಗಳ ಗುರುತು ಹಾಕಿ, ಮೂರು ನಾಲ್ಕು ಮೂರು ನಾಲ್ಕೆಂದು ಗೆರೆ ಎಳೆದು, ಕೆಳಗೆ ‘ಭಾಮಿನಿ ಷಟ್ಪದಿ’ ಎಂದು ಬರೆಯುವುದನ್ನು ನಮ್ಮ ಮಕ್ಕಳು ಲೆಕ್ಕದಂತೆ ಮಾಡುತ್ತಾರೆ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರಕ್ಕೆ ಅದರ ಒಂದೂವರೆ ಪಟ್ಟು, ಮೇಲೊಂದು ಗುರು, ಅಂದರೆ 23, ಒಟ್ಟು 102. ಇಷ್ಟನ್ನೂ ಸರಿಯಾಗಿ ಹೇಳಿದ ಹುಡುಗಿಗೆ ಆ ಪದ್ಯವನ್ನು ಗಟ್ಟಿಯಾಗಿ ಓದು ಎಂದರೆ ದಿನಪತ್ರಿಕೆಯಂತೆ ಓದಿದಳು.

ನಮ್ಮ ಊರು ತೀರ್ಥಹಳ್ಳಿಯ ಕಡೆಯದು. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಹಸಿ ಅಡಿಕೆ ರಾಶಿ ಸುರಿದು, ಅದರ ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಹತ್ತು ಹನ್ನೆರಡು ಜನ ಸುಲಿಯಲು ಕೂರುತ್ತಿದ್ದರು. ನಿದ್ದೆ ತಡೆಯಲು ಒಬ್ಬರು ಭಾರತ ಓದಬೇಕು. ನನಗೆ ಹನ್ನೆರಡು ವರ್ಷ ತುಂಬಿದ ವರ್ಷ, ಓದುತ್ತಿದ್ದ ದೊಡ್ಡಪ್ಪನಿಗೆ ಗಂಟಲು ಕಟ್ಟಿ ಆ ಕೆಲಸ ನನಗೆ ಬಂತು. ಗ್ಯಾಸ್‌ಲೈಟಿನ ಕೆಳಗೆ ಮಣೆಯ ಮೇಲೆ ಕುಳಿತು ಬೆರಳಿಟ್ಟುಕೊಂಡು ಓದತೊಡಗಿದೆ. ರಾಗ ಬಾರದಿದ್ದರೂ ಲಯ ಸಿಕ್ಕಿತ್ತು. ಮೆಟ್ಟುಗತ್ತಿಗೆ ಅಡಿಕೆ ಒತ್ತುವ ಸದ್ದು, ಸಿಪ್ಪೆ ಬೀಳುವ ಸದ್ದುಗಳ ಜೊತೆಗೆ ಸಾಲು ತಾನಾಗಿ ಹೋಗುತ್ತಿತ್ತು. ಮೇಲಿನ ಪದ್ಯಕ್ಕೆ ಬಂದಾಗ ‘ಪತಿಯವಸರಕ್ಕೆ’ ಎಂಬಲ್ಲಿ ಒತ್ತು ನುಂಗಿ ‘ಪತಿಯವಸರಕೆ’ ಎಂದು ಓದಿ ಮುಂದೆ ಹೋದೆ. ಯಾರಿಗೂ ಏನೂ ಅನ್ನಿಸಿದಂತಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿ ತಲೆ ಎತ್ತದೆ, ಕೈ ನಿಲ್ಲಿಸದೆ ಅಂದಳು: “ಅಲ್ಲೊಂದು ಹೆಜ್ಜೆ ಕಡಿಮೆ ಬಿತ್ತಲ್ಲೋ ಮಾಣಿ. ಇನ್ನೊಂದ್ಸಲ ಓದು.”

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ಸೂತ್ರ ಅವಳಿಗೆ ತಿಳಿದಿರುವುದು ಸಾಧ್ಯವೇ ಇರಲಿಲ್ಲ. ‘ಕ್ಕೆ’ ಹೋಗಿ ‘ಕೆ’ ಆದಾಗ ಅದರ ಹಿಂದಿನ ‘ರ’ ಗುರುವಿನಿಂದ ಲಘುವಾಯಿತು, ನಾಲ್ಕು ಮಾತ್ರೆಯ ಗಣ ಮೂರಕ್ಕೆ ಇಳಿಯಿತು. 102ರಲ್ಲಿ ಒಂದು ಮಾತ್ರೆ. ಅದು ಅವಳ ಕಿವಿಗೆ ಮೆಟ್ಟಿಲು ತಪ್ಪಿದ ಕಾಲಿನಂತೆ ಕೇಳಿಸಿತ್ತು. ನಾನು ಎಂಟನೆಯ ತರಗತಿಗೆ ಹೋಗಿ ಲಘು ಗುರುಗಳ ನಿಯಮ ಕಲಿತಾಗ, ಇದು ಅಜ್ಜಿ ಹೇಳಿದ್ದೇ ಅಲ್ಲವೇ ಎಂದು ಹೊಳೆಯಲೂ ಇಲ್ಲ. ಎರಡನ್ನೂ ಜೋಡಿಸುವವರು ಯಾರೂ ಇರಲಿಲ್ಲ.

ಮೂರು ಮತ್ತು ಆರನೆಯ ಸಾಲಿನ ಕೊನೆಯ ಅಕ್ಷರ ಲಘುವಾಗಿದ್ದರೂ ಗುರುವೆಂದೇ ಎಣಿಸಬೇಕು ಎಂಬ ನಿಯಮ ಮಕ್ಕಳಿಗೆ ಬರಿಯ ಹಟದಂತೆ ಕಾಣುತ್ತದೆ. ‘ಸುಭಟಕೋಟಿಯನು’ ಎಂಬುದರ ‘ನು’ ಕಣ್ಣಿಗೆ ಲಘುವೇ. ಆದರೆ ಗಮಕಿಯ ಬಾಯಿಂದ ಕೇಳಿದವರಿಗೆ ಸಂಶಯ ಬರುವುದಿಲ್ಲ. ಉದ್ದದ ಸಾಲು ಮುಗಿದು ಉಸಿರು ನಿಲ್ಲುವ ಜಾಗ ಅದು, ಅಲ್ಲಿ ಸ್ವರ ತಾನಾಗಿ ಎಳೆದುಕೊಳ್ಳುತ್ತದೆ. ನಿಯಮವನ್ನು ಪುಸ್ತಕ ಹುಟ್ಟಿಸಿದ್ದಲ್ಲ, ಉಸಿರು ಹುಟ್ಟಿಸಿದ್ದು. ಮುಂದಿನ ಸಲ ಹೋದಾಗ ಹುಡುಗಿಗೆ ಪೆನ್ನು ಕೆಳಗಿಡಲು ಹೇಳಿ ‘ತಕಿಟ ತಕಧಿಮಿ’ ಎಂದು ಮೇಜು ತಟ್ಟಿಸಿದೆ. ನಾಲ್ಕು ಸಾಲಿನೊಳಗೆ ಪದ್ಯ ಅವಳ ಬೆರಳಿಗೆ ಬಂದಿತ್ತು. “ಚೆನ್ನಾಗಿದೆ ಮಾಮ, ಆದ್ರೆ ಪರೀಕ್ಷೆ ಹಾಲ್‌ನಲ್ಲಿ ಮೇಜು ತಟ್ಟೋಕೆ ಬಿಡಲ್ಲ” ಎಂದಳು. ಮನಸ್ಸಿನಲ್ಲಿ ತಟ್ಟು ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಸಾಲಿನ ತಲೆಯಲ್ಲಿ ಆನೆ

ಪ್ರಾಸವೆಂದರೆ ಸಾಲಿನ ಕೊನೆಯಲ್ಲಿ ಬರುವುದು ಎಂದೇ ಈಗಿನ ಮಕ್ಕಳ ತಿಳಿವಳಿಕೆ. ಸಿನಿಮಾ ಹಾಡು ಕೇಳಿ ಬೆಳೆದವರಿಗೆ ಅದು ಸಹಜ. ಕನ್ನಡದ ಹಳೆಯ ಪ್ರಾಸ ಸಾಲಿನ ಕೊನೆಯಲ್ಲಲ್ಲ, ತಲೆಯಲ್ಲಿ ಕೂತಿರುತ್ತದೆ, ಅದೂ ಎರಡನೆಯ ಅಕ್ಷರದಲ್ಲಿ. ಮೇಲಿನ ಪದ್ಯದ ಸಾಲುಗಳ ಆರಂಭವನ್ನಷ್ಟೇ ಓದಿ: ಮಾರಿ, ಭಾರ, ಕೌರ, ತೀರಿ, ರೀರ, ವೀರ. ಆರೂ ಕಡೆ ಎರಡನೆಯದು ರಕಾರ. ಆ ರಕಾರಕ್ಕಾಗಿಯೇ ಕವಿ ‘ಶರೀರ’ವನ್ನು ಕತ್ತರಿಸಿ ‘ಶ’ವನ್ನು ನಾಲ್ಕನೆಯ ಸಾಲಿನ ಕೊನೆಗೆ ನೂಕಿ, ‘ರೀರ’ವನ್ನು ಐದನೆಯ ಸಾಲಿನ ತಲೆಗೆ ತಂದಿದ್ದಾನೆ. ಶರೀರವನ್ನು ನೂಕುವೆನು ಎನ್ನುವ ಕಡೆಯಲ್ಲಿಯೇ ಶರೀರ ಎರಡು ತುಂಡಾಗಿರುವುದು ಕಾಕತಾಳೀಯವೇ ಇರಬಹುದು. ಇಂಥ ಕಡಿತ ಷಟ್ಪದಿಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಆದರೂ ಒಮ್ಮೆ ಕಂಡ ಮೇಲೆ ಕಾಣದಂತೆ ಓದುವುದು ನನಗೆ ಸಾಧ್ಯವಾಗಿಲ್ಲ.

ಪ್ರಾಸಾಕ್ಷರದ ಹಿಂದೆ ಹ್ರಸ್ವ ಬಂದರೆ ಸಿಂಹಪ್ರಾಸ, ದೀರ್ಘ ಬಂದರೆ ಗಜಪ್ರಾಸ; ಹೀಗೆ ವೃಷಭ, ಅಜ, ಶರಭ, ಹಯ ಸೇರಿ ಹಳಬರು ಆರು ಪ್ರಾಣಿಗಳನ್ನು ಹೆಸರಿಸಿದ್ದಾರೆ. ಮಾ, ಭಾ, ಕೌ, ತೀ, ರೀ, ವೀ: ನಮ್ಮ ಪದ್ಯದ್ದು ಆರು ಆನೆಗಳ ಸಾಲು. ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆಯಲ್ಲ, ಅಲ್ಲಿಯೂ ‘ಸಾಧುಗೆ ಸಾಧು’, ‘ಬಾಧಿಪ್ಪ ಕಲಿಗೆ’, ‘ಮಾಧವನೀತನ್’ ಎಂದು ತ್ರಿಪದಿಯ ಮೂರು ಸಾಲುಗಳ ತಲೆಯಲ್ಲಿ ಇದೇ ಆನೆ. ಬಂಡೆಯ ಮೇಲೆ ಕೊರೆದ ಆ ತ್ರಿಪದಿಗೂ ನಮ್ಮ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡಿದ ತ್ರಿಪದಿಗಳಿಗೂ ಧಾಟಿ ಒಂದೇ. ಇಷ್ಟು ಕಾಲ ಬಂದ ಆದಿಪ್ರಾಸವನ್ನು 20ನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಬಿಟ್ಟು ಬರೆಯಲು ಹೊರಟಾಗ ಅದೊಂದು ಸಾಹಸವೆನಿಸಿಕೊಂಡಿತು. ಬಿಟ್ಟದ್ದು ಯಾವುದನ್ನು ಎಂದು ಗೊತ್ತಿಲ್ಲದ ವಿದ್ಯಾರ್ಥಿಗೆ ಆ ಸಾಹಸವೂ ತಿಳಿಯುವುದಿಲ್ಲ.

ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಮತ್ತೊಮ್ಮೆ ತಂಗಿಯ ಮನೆಗೆ ಹೋಗಿದ್ದೆ. ಇಷ್ಟನ್ನೂ ಹೇಳಿ ಅವಳ ತಲೆ ತಿನ್ನುವ ಹೊತ್ತು ಅದಾಗಿರಲಿಲ್ಲ, ‘ಅಂತೆ’ಯ ವಿಷಯವನ್ನಷ್ಟೇ ಹತ್ತು ನಿಮಿಷದಲ್ಲಿ ಹೇಳಿದೆ. ಕತ್ತೆಯ ಉದಾಹರಣೆಗೆ ನಕ್ಕಳು. ಆಮೇಲೆ ಪದ್ಯವನ್ನು ಇನ್ನೊಮ್ಮೆ ಓದಿಸಿದೆ. ಬೆರಳು ಮೇಜಿನ ಮೇಲೆ ಮೆಲ್ಲಗೆ ಆಡುತ್ತಿತ್ತು, ‘ಅವಸರಕ್ಕೆ’ ಒತ್ತು ಸರಿಯಾಗಿ ಬಿತ್ತು. ಕೊನೆಯ ಸಾಲಿನಲ್ಲಿ ನಿಂತುಬಿಟ್ಟಳು.

“ರಾಜೀವಸಖ ಅಂದ್ರೆ ಸೂರ್ಯ ಅಲ್ವಾ ಮಾಮ? ತಾವರೆಯ ಸ್ನೇಹಿತ.”

“ಹೌದು.”

“ಸೂರ್ಯ ಇವನ ಅಪ್ಪ ಅಲ್ವಾ? ಕೃಷ್ಣ ಅದನ್ನ ಈಗಷ್ಟೇ ಹೇಳಿದ್ದು. ಮತ್ತೆ ಇವನು ಅಪ್ಪನಾಣೆ ಅಂತ ಯಾಕೆ ಅನ್ನಲ್ಲ?”

ಈ ಪದ್ಯ ನನಗೆ ಬಾಯಿಗೆ ಬಂದು ನಲವತ್ತು ವರ್ಷವಾಗಿರಬೇಕು. ಅಡಿಕೆ ರಾಶಿಯ ಮುಂದೆ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ, ಗೆಳೆಯರ ನಡುವೆ ಎಷ್ಟೋ ಸಲ ಹೇಳಿದ್ದೇನೆ. ಈ ಮಾತು ಒಂದು ಸಲವೂ ಹೊಳೆದಿರಲಿಲ್ಲ. ತಂದೆಯ ಹೆಸರು ತಿಳಿದ ಮೇಲೆ ಹಾಕುವ ಆಣೆ ತಂದೆಯದೇ. ಆದರೆ ಬಾಯಿಯಲ್ಲಿ ‘ತಂದೆ’ ಎಂಬ ಪದ ಬರುವುದಿಲ್ಲ, ತಾವರೆಯ ಗೆಳೆಯ ಎನ್ನುತ್ತಾನೆ.

“ಇದಕ್ಕೆ ಯಾವ ಅಲಂಕಾರ?” ಎಂದು ಕೇಳಿದಳು. ನನಗೆ ಹೆಸರು ಹೊಳೆಯಲಿಲ್ಲ. ಅವಳು ಪೆನ್ಸಿಲು ತೆಗೆದು ‘ರಾಜೀವಸಖನಾಣೆ’ಯ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಅಪ್ಪ’ ಎಂದು ಸಣ್ಣಕ್ಷರದಲ್ಲಿ ಬರೆದುಕೊಂಡು, ಹಾಳೆ ತಿರುಗಿಸಿದಳು.